ಅಕ್ಕನ ಮೊದಲಿನ ಮೂಗು

ನಮ್ಮದು ಕನ್ನಡಕದ ಅಂಗಡಿ. ಆದರೆ ಒಳಗೆ ಬಂದವರಿಗೆ ಮೊದಲು ಕಾಣುವುದು ಕನ್ನಡಿಗಳು. ಗೋಡೆಯಲ್ಲಿ ಕನ್ನಡಿ, ಕಂಬದಲ್ಲಿ ಕನ್ನಡಿ, ಮೇಜಿನ ಮೇಲೆ ಅತ್ತಿತ್ತ ತಿರುಗಿಸುವ ಪುಟ್ಟ ಕನ್ನಡಿ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಹಂಪನಕಟ್ಟೆಯ ಬಿಸಿಲು ಒಳಗೆ ನುಗ್ಗಿ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಬಾಗಿಲು ಯಾವುದು, ಗೋಡೆ ಯಾವುದು ಎಂದು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಈಗಲೂ ಅಕ್ಕ ಬಂದು ಬ್ಯಾಗು ಇಟ್ಟ ಹಾಗೆ ಆಗುತ್ತದೆ. ತಿರುಗಿ ನೋಡಿದರೆ ಕನ್ನಡಿಯಲ್ಲಿ ನಾನೇ ಇರುತ್ತೇನೆ, ನಿದ್ದೆ ಸಾಲದ ಮುಖ ಹೊತ್ತುಕೊಂಡು.

ಅಕ್ಕನ ಹೆಸರು ಬರೆಯುವುದಿಲ್ಲ. ಅಂಗಡಿಯಲ್ಲಿ ಆ ಹೆಸರನ್ನು ಯಾರೂ ಕರೆದದ್ದೇ ಇಲ್ಲ. ಮಾಲೀಕರಾದ ಹಾಜಿಯವರಿಗೆ, ಕಣ್ಣು ಪರೀಕ್ಷೆ ಮಾಡುವ ನನಗೆ, ಬಂದುಹೋಗುವ ಗಿರಾಕಿಗಳಿಗೆ, ಮೇಲಿನ ಲಾಡ್ಜಿನ ಮ್ಯಾನೇಜರಿಗೆ, ಎಲ್ಲರಿಗೂ ಅವರು ಅಕ್ಕ. ಹಾಜಿಯವರ ಮನೆಮಾತು ಬ್ಯಾರಿ, ನನ್ನದು ಇಗರ್ಜಿಗೆ ಹೋಗುವ ಕ್ರೈಸ್ತರ ಕೊಂಕಣಿ, ಅಕ್ಕನದು ತುಳು. ಮೂವರೂ ಸೇರಿದರೆ ಕನ್ನಡ. ಸಿಟ್ಟು ಬಂದಾಗ ಮಾತ್ರ ಅವರವರ ಭಾಷೆ. ಅದರಿಂದಾಗಿ ನಮ್ಮಲ್ಲಿ ಜಗಳ ಹೆಚ್ಚು ಹೊತ್ತು ನಡೆಯುತ್ತಿರಲಿಲ್ಲ.

ಅಕ್ಕನ ಕೆಲಸ ಕನ್ನಡಕ ಕೂರಿಸುವುದು. ನಾನು ಪವರ್ ಬರೆದುಕೊಟ್ಟು, ಗಾಜು ತಯಾರಾಗಿ ಬಂದ ಮೇಲೆ ಗಿರಾಕಿಯ ಮುಖಕ್ಕೆ ಫ್ರೇಮನ್ನು ಒಗ್ಗಿಸುವುದು ಅವರ ಪಾಲು. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದಾಗ ಹೆಬ್ಬೆರಳಿನಲ್ಲಿ ಒತ್ತಿ, ಕಿವಿಯ ಹಿಂದೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡುವರು. "ನನ್ನನ್ನು ನೋಡಿ. ಮೂಗು ನೋಡ್ಬೇಡಿ, ಕಣ್ಣು ನೋಡಿ" ಎನ್ನುವರು. ಗಿರಾಕಿ ನಗುತ್ತಿದ್ದ. ನಕ್ಕಾಗ ಕೆನ್ನೆ ಮೇಲೇರಿ ಫ್ರೇಮ್ ಎಲ್ಲಿ ತಾಗುತ್ತದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಅವರ ಮೂಗು ಎಡಕ್ಕೆ ಸೊಟ್ಟ. ಸ್ವಲ್ಪ ಸೊಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಹುಬ್ಬಿನ ನಡುವಿನಿಂದ ಸರಿಯಾಗಿಯೇ ಹೊರಟು, ಅರ್ಧ ದಾರಿಯಲ್ಲಿ ಏನೋ ನೆನಪಾದ ಹಾಗೆ ಎಡಕ್ಕೆ ತಿರುಗಿತ್ತು. ಇನ್ನೊಂದು ತಮಾಷೆ ಕೇಳಿ. ಅಕ್ಕನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ, ನಾನೇ ನೋಡಿದ್ದೇನೆ. ಆದರೂ ಕನ್ನಡಕ ಹಾಕುತ್ತಿದ್ದರು. ಪವರ್ ಇಲ್ಲದ ಗಾಜು, ದಪ್ಪ ಕಪ್ಪು ಫ್ರೇಮ್. ಆ ಫ್ರೇಮನ್ನು ತಮ್ಮ ಕೈಯಾರೆ ಎಷ್ಟು ಬಗ್ಗಿಸಿದ್ದರೆಂದರೆ ಮೇಜಿನ ಮೇಲಿಟ್ಟರೆ ಒಂದು ಮಗ್ಗುಲು ಎದ್ದು ನಿಂತು ಕುಂಟುತ್ತಿತ್ತು. ಮುಖದ ಮೇಲೆ ಮಾತ್ರ ನೇರವಾಗಿ ಕೂತು, ಮೂಗಿನ ಸೊಟ್ಟವನ್ನು ಅರ್ಧ ನುಂಗುತ್ತಿತ್ತು.

"ಮೂಗಿಗೆ ಎಂತ ಆಯ್ತು ಅಕ್ಕ?" ಎಂದು ಕೇಳದ ಗಿರಾಕಿ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಉತ್ತರ. "ಹುಟ್ಟುವಾಗಲೇ ಎಡಕ್ಕೆ ತಿರುಗಿ ನೋಡಿದ್ದು." "ಬೇರೆಯವರ ವಿಷಯದಲ್ಲಿ ಮೂಗು ತೂರಿಸಲಿಕ್ಕೆ ಹೋಗಿ ಬಾಗಿಲಿಗೆ ಸಿಕ್ಕಿದ್ದು." ನಿಜವಾದ ಸಂಗತಿ ಇಷ್ಟೇ. ಪಂಪ್‌ವೆಲ್ ಕಡೆಯಿಂದ ಬರುವ ಸಿಟಿ ಬಸ್ಸು. ಹಿಂದಿನ ಬಸ್ಸಿನವನಿಗೂ ಇದರ ಡ್ರೈವರನಿಗೂ ಪೈಪೋಟಿ. ನಮ್ಮೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆಲೇ ಬ್ರೇಕು ಬಿತ್ತು, ನಿಂತಿದ್ದ ಅಕ್ಕನ ಮುಖ ಎದುರಿನ ಕಂಬಿಗೆ ಬಡಿಯಿತು. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಉಸಿರಾಟ ಸರಾಗ, ಮೂಗು ಸೊಟ್ಟ. ಉಸಿರಾಡಲಿಕ್ಕೆ ಆಗುತ್ತದಲ್ಲ, ಅದೇ ದೊಡ್ಡದು ಎಂದು ಡಾಕ್ಟರು ಮನೆಗೆ ಕಳಿಸಿದರು.

ಇಷ್ಟು ನಾನು ಕೆಲಸಕ್ಕೆ ಸೇರುವುದಕ್ಕೆ ಮುಂಚಿನ ಕಥೆ. ನಾನು ಕಂಡದ್ದು ಅಕ್ಕನ ಕನಸುಗಳ ಕಾಲವನ್ನು.

ಬೆಳಿಗ್ಗೆ ಹತ್ತಿರದ ಹೋಟೆಲಿನಿಂದ ಚಹಾ, ಗೋಳಿಬಜೆ ಬರುತ್ತಿತ್ತು. ಗೋಳಿಬಜೆ ಮುರಿದು ಆವಿ ಹೋಗಲಿ ಎಂದು ಇಟ್ಟು, ಅಕ್ಕ ರಾತ್ರಿಯ ಕನಸು ಶುರು ಮಾಡುವರು. ಸಮುದ್ರ ನಮ್ಮೂರಿನ ಲಾಲ್‌ಬಾಗ್‌ನವರೆಗೆ ಬಂದು ವಾಪಸು ಹೋದದ್ದು. ಅಂಗಡಿಯ ಕನ್ನಡಕಗಳೆಲ್ಲ ಸಾಲಾಗಿ ಬಸ್ಸು ಹತ್ತಿದ್ದು, ಕಂಡಕ್ಟರ್ "ಕಾಲು ಮಡಚಿ, ಕಾಲು ಮಡಚಿ" ಎಂದು ಕಡ್ಡಿಗಳನ್ನು ಮಡಿಸಿದ್ದು. ನನಗೆ ಕನಸು ಕೇಳುವ ತಾಳ್ಮೆ ಇಲ್ಲ. ನನ್ನ ತಾಯಿ ಹೇಳಿದರೂ "ಬೇಗ ಮುಗಿಸಿ ಅಮ್ಮ" ಎನ್ನುವವಳು ನಾನು. ಅಕ್ಕನ ಕನಸು ಕೇಳುತ್ತಾ ಮಾತ್ರ ಚಹಾ ಆರಿಸಿಕೊಂಡು ಕೂತಿದ್ದೇನೆ. ಅವರು ಕನಸನ್ನು ನೆರೆಮನೆಗೆ ಹೋಗಿಬಂದಷ್ಟು ಸಹಜವಾಗಿ ಹೇಳುತ್ತಿದ್ದರು.

"ಕನಸಿನಲ್ಲಿ ನಿಮ್ಮ ಮೂಗು ಹೇಗಿರ್ತದೆ?" ಎಂದು ಒಂದು ದಿನ ಕೇಳಿದೆ.

"ನೇರ" ಎಂದರು. "ಯಾವಾಗಲೂ ನೇರ. ಕನಸಿಗೆ ಇನ್ನೂ ಸುದ್ದಿ ಮುಟ್ಟಲಿಲ್ಲ ಮಾರಾಯ್ತಿ."

ಒಮ್ಮೆ ದುಬೈಯಿಂದ ರಜೆಗೆ ಬಂದವರೊಬ್ಬರು ದುಬಾರಿ ಫ್ರೇಮ್ ತಂದು, ಇದು ಸೊಟ್ಟ ಉಂಟು ಎಂದು ಗಲಾಟೆ ಮಾಡಿದರು. ಅಕ್ಕ ಅದನ್ನು ಗಾಜಿನ ಮೇಜಿನ ಮೇಲೆ ಇಟ್ಟು ತೋರಿಸಿದರು, ಒಂದಿಷ್ಟೂ ಅಲುಗಲಿಲ್ಲ. "ಫ್ರೇಮ್ ಸರಿ ಉಂಟು. ನಿಮ್ಮ ಒಂದು ಕಿವಿ ಸ್ವಲ್ಪ ಕೆಳಗೆ" ಎಂದರು. ಮನುಷ್ಯ ಕೆಂಪಾದ. "ಬೇಜಾರು ಮಾಡ್ಬೇಡಿ. ಎಲ್ಲರದ್ದೂ ಹೀಗೇ. ನೇರ ಮುಖ ಇರುವುದು ಕ್ಯಾಲೆಂಡರಿನಲ್ಲಿ ಮಾತ್ರ" ಎನ್ನುತ್ತಲೇ ಫ್ರೇಮನ್ನು ಅವನ ಕಿವಿಗೆ ಸರಿಯಾಗಿ ಬಗ್ಗಿಸಿಕೊಟ್ಟರು. ಅವನು ಹೋದ ಮೇಲೆ ನಾನು ಅಕ್ಕನ ಮಾತು ಹಿಡಿದುಕೊಂಡೆ.

"ಎಲ್ಲರದ್ದೂ ಹೀಗೇ ಅಂತ ಹೇಳ್ತೀರಿ. ಮತ್ತೆ ನೀವು ಯಾಕೆ ನಿಮ್ಮ ಮೂಗಿನ ಬಗ್ಗೆ ಅಷ್ಟು ತಲೆಬಿಸಿ ಮಾಡುವುದು?"

"ನನ್ನದು ಬೇರೆ ವಿಷಯ" ಎಂದು ಎದ್ದು ಹೋದರು.

ತಲೆಬಿಸಿ ನಿಜವೇ. ಮೂಗನ್ನು ಇನ್ನೊಮ್ಮೆ ಆಪರೇಷನ್ ಮಾಡಿಸಿ ನೇರ ಮಾಡಿಸಬೇಕೆಂಬುದು ಅಕ್ಕನ ಬಹುಕಾಲದ ಯೋಚನೆ. ಯೋಚನೆ ಬಂದಾಗಲೆಲ್ಲ ಎರಡು ಬೆರಳಿನಲ್ಲಿ ಮೂಗು ಹಿಡಿದು ಬಲಕ್ಕೆ ತಳ್ಳಿ, ಕಂಬದ ಕನ್ನಡಿಯಲ್ಲಿ ನೋಡುತ್ತಾ ನಿಲ್ಲುವರು. ಮಗಳು ಶಾರ್ಜಾದಲ್ಲಿ ನರ್ಸು. "ನಾನು ಮಾಡಿಸ್ತೇನೆ ಅಮ್ಮ, ನೀನು ಹೂಂ ಅನ್ನು" ಎಂದು ಪ್ರತಿ ಫೋನಿನಲ್ಲೂ ಹೇಳುತ್ತಿದ್ದಳು. ಅವಳ ಮದುವೆಯ ಫೋಟೋಕ್ಕಾಗಿ ಅಕ್ಕನಿಗೆ ಈ ಆಸೆ ಎಂದುಕೊಂಡಿದ್ದೆವು. ಮದುವೆಯೂ ಆಗಿಹೋಯಿತು. ಫೋಟೋಗಳಲ್ಲೆಲ್ಲ ಅಕ್ಕ ಬಲಗೆನ್ನೆ ತೋರಿಸಿ ನಿಂತದ್ದೂ ಆಯಿತು. ಯೋಚನೆ ಮಾತ್ರ ಹೋಗಲಿಲ್ಲ.

ಹಾಜಿಯವರು ಕೀಟಲೆ ಮಾಡುವರು. "ಮಗಳ ಮದುವೆ ಆಯ್ತು. ಇನ್ನು ಯಾರಿಗೆ ತೋರಿಸ್ಲಿಕ್ಕೆ ಅಕ್ಕ ನೇರ ಮೂಗು?"

"ತೋರಿಸುವವರು ಇದ್ದಾರೆ ಹಾಜಿಯವರೇ" ಎನ್ನುವರು ಅಕ್ಕ, ಮುಖ ಎತ್ತದೆ.

ಕಡೆಗೆ ಒಂದು ಬೇಸಗೆಯಲ್ಲಿ ನನ್ನನ್ನು ಜತೆಗೆ ಕರೆದುಕೊಂಡು ಬಲ್ಮಠದ ಒಂದು ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಚಿಕ್ಕ ಪ್ರಾಯದವರು, ಮಾತು ಮೆಲ್ಲಗೆ. ಅಕ್ಕನ ಕನ್ನಡಕ ತೆಗೆಸಿ, ಮುಖದ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮೂಗನ್ನು ನೇರ ಮಾಡಿ ತೋರಿಸಿದರು. ಅಕ್ಕ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಪರದೆಯ ಬೆಳಕು ಅವರ ಮುಖದ ಮೇಲೆ ಬಿದ್ದು, ಆ ಮುಖವೂ ಈ ಮುಖವೂ ಒಂದನ್ನೊಂದು ನೋಡುತ್ತಾ ಕೂತಿದ್ದವು.

ಡಾಕ್ಟರು ವಿವರಿಸಿದರು. ಎರಡನೇ ಸಲ ಮಾಡುವುದು ಮೊದಲನೇ ಸಲದಷ್ಟು ಸುಲಭ ಅಲ್ಲ. ಒಳಗೆ ಹಳೆಯ ಗಾಯದ ಗಂಟು ಉಂಟು. ಮೂಗಿನ ಮೃದ್ವಸ್ಥಿ ಸಾಲದು, ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆದು ಜೋಡಿಸಬೇಕು. ಬಾವು ಪೂರ್ತಿ ಇಳಿಯಲಿಕ್ಕೆ ತಿಂಗಳುಗಟ್ಟಲೆ ಬೇಕು. ಈಗ ಚೆನ್ನಾಗಿರುವ ಉಸಿರಾಟಕ್ಕೆ ತೊಂದರೆಯೂ ಆಗಬಹುದು. ನಾನಾಗಿದ್ದರೆ ಅಲ್ಲಿಗೇ ಬ್ಯಾಗು ಎತ್ತಿಕೊಳ್ಳುತ್ತಿದ್ದೆ.

"ಕಿವಿಯದ್ದು ತೆಗೆದು ಮೂಗಿಗೆ ಇಟ್ರೆ, ಮತ್ತೆ ಮೂಗಿನಲ್ಲಿ ಕೇಳ್ತದಾ?" ಎಂದರು ಅಕ್ಕ. ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಬ್ಯಾಗಿನಿಂದ ತಮ್ಮ ಮದುವೆಯ ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಕಂಪ್ಯೂಟರಿನಲ್ಲಿ ನೀವು ಮಾಡಿದ್ದು ಚಂದ ಉಂಟು. ಆದರೆ ನನಗೆ ಚಂದದ್ದು ಬೇಡ. ಮೊದಲಿನದ್ದು ಬೇಕು. ಇದು. ಇದೇ ಆಗ್ತದಾ?"

ಡಾಕ್ಟರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. "ಹತ್ತಿರ ತರ್ಲಿಕ್ಕೆ ನೋಡ್ತೇನೆ ಅಮ್ಮ. ಇದೇ ಅಂತ ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ" ಎಂದರು.

"ಆಟಿ ತಿಂಗಳಿಗೆ ಮೊದಲು ಮಾಡಿ" ಎಂದರು ಅಕ್ಕ. ದಿನ ಗೊತ್ತಾಯಿತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಈ ಪ್ರಾಯದಲ್ಲಿ ಪಕ್ಕೆಲುಬು ಕೊಯ್ಸಿಕೊಂಡು ಎಂತ ಆಗಬೇಕಾಗಿದೆ, ನಿಮಗೆ ಮಂಡೆ ಸಮ ಉಂಟಾ ಎಂದು ಕೇಳಿಯೇಬಿಟ್ಟೆ. ಅಕ್ಕ ಮರದ ನೆರಳಿಗೆ ಸರಿದು ನಿಂತರು. ಬೇಸಗೆಯ ಮಧ್ಯಾಹ್ನ, ರಸ್ತೆ ಮೇಲೆ ಬಿಸಿ ಆವಿ ಅಲುಗುತ್ತಿತ್ತು. ಅಲ್ಲಿ ಹೇಳಿದರು.

ಅವರ ಗಂಡ ಗಲ್ಫಿನ ದಮ್ಮಾಮಿನಲ್ಲಿ ಕೆಲಸದಲ್ಲಿದ್ದವರು. ಮಗಳು ಸಣ್ಣವಳಿದ್ದಾಗ ರಜೆ ಮುಗಿಸಿ ಹೊರಟರು. ಬಜ್ಪೆ ಏರ್‌ಪೋರ್ಟಿನ ಗಾಜಿನ ಬಾಗಿಲಿನ ಆಚೆ ನಿಂತು ತಿರುಗಿ ನೋಡಿ, ಕೈ ಎತ್ತಿ ಒಳಗೆ ಹೋದರು. ಆ ವರ್ಷವೇ ಅಲ್ಲಿ ಎದೆನೋವು ಬಂದು ತೀರಿಕೊಂಡರು, ಪೆಟ್ಟಿಗೆಯಲ್ಲಿ ಬಂದರು. ಬಸ್ಸಿನ ಅಪಘಾತ ಆದದ್ದು ಅದರ ನಂತರ. ಅವರು ಕಂಡದ್ದು ನೇರ ಮೂಗಿನ ಹೆಂಡತಿಯನ್ನು.

"ಆಟಿಯಲ್ಲಿ ನಾವು ಸತ್ತವರಿಗೆ ಬಡಿಸುವುದು ನಿನಗೆ ಗೊತ್ತುಂಟಲ್ಲ" ಎಂದರು. ಗೊತ್ತಿತ್ತು. ತುಳುವರ ಮನೆಗಳಲ್ಲಿ ಆ ಮಳೆಯ ತಿಂಗಳಲ್ಲಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲು ಹಾಕಿ ಎಲ್ಲರೂ ಹೊರಗೆ ಬಂದು ಕಾಯುತ್ತಾರೆ. ಅವರು ಬಂದು ಉಂಡುಹೋಗಲಿ ಎಂದು. ನಮ್ಮಲ್ಲಿ ನವೆಂಬರಿನಲ್ಲಿ ಸಮಾಧಿಗೆ ಹೂವು, ಮೇಣದಬತ್ತಿ ಇಡುತ್ತೇವೆ. ಇವರಲ್ಲಿ ಊಟ.

"ಬಂಗುಡೆ ಗಸಿ, ಕೋರಿರೊಟ್ಟಿ ಬಡಿಸಿ, ಒಂದು ಸಿಗರೇಟು ಇಡ್ತೇನೆ. ಬಾಗಿಲು ಹಾಕುವ ಮೊದಲು ಒಂದು ಗಳಿಗೆ ನಾನು ಅಲ್ಲಿ ನಿಲ್ತೇನೆ. ಅವರು ಬಂದು ನೋಡಿದ್ರೆ ಎಂತ ಹೇಳಿಯಾರು? ಸೊಟ್ಟ ಮೂಗಿನ ಯಾವುದೋ ಹೆಂಗಸು. ತಪ್ಪಿ ಬೇರೆ ಮನೆಗೆ ಬಂದೆ ಅಂತ ಹಸಿವಿನಲ್ಲೇ ತಿರುಗಿ ಹೋದ್ರೆ?"

ಏನಾದರೂ ಹೇಳಬೇಕಲ್ಲ ಎಂದು, "ಮೊದಲು ನೀವು ಜೆಪ್ಪುವಿನ ಬಾಡಿಗೆ ಮನೆಯಲ್ಲಿದ್ದದ್ದು. ಈಗ ಫ್ಲ್ಯಾಟಿನ ಮೂರನೇ ಮಾಳಿಗೆ. ಅದು ಅವರಿಗೆ ಗೊತ್ತಾಗ್ತದಾ? ಲಿಫ್ಟಿನಲ್ಲಿ ಬರ್ತಾರಾ?" ಎಂದೆ.

"ಹೆಸರು ಹೇಳಿ ಕರೀತೇವಲ್ಲ, ಮನೆ ಸಿಗ್ತದೆ. ಬೇಕಾದರೆ ಲಿಫ್ಟಿನಲ್ಲೂ ಬರ್ತಾರೆ, ಗಲ್ಫಿನಲ್ಲಿದ್ದ ಜನ. ಮನೆಯ ಗುರುತಲ್ಲ ಮಾರಾಯ್ತಿ, ನನ್ನ ಗುರುತು ಆಗಬೇಕಲ್ಲ" ಎಂದರು. ಆಮೇಲೆ ತಮ್ಮ ಒಂದು ಕನಸು ಹೇಳಿದರು. ಅದನ್ನು ಅವರು ಚಹಾದ ಹೊತ್ತಿನಲ್ಲಿ ಎಂದೂ ಹೇಳಿದವರಲ್ಲ. ಗಂಡ ಅಂಗಡಿಗೆ ಬರುತ್ತಾರೆ. ಎಲ್ಲ ಕನ್ನಡಿಗಳಲ್ಲೂ ಅವರೇ. ಅಕ್ಕ ಮೇಜಿನ ಆಚೆ ನಿಂತಿದ್ದಾರೆ. ಆ ಒಂದು ಕನಸಿನಲ್ಲಿ ಮಾತ್ರ ಅಕ್ಕನ ಮೂಗು ಸೊಟ್ಟ. ಗಂಡ ಬಹಳ ಮರ್ಯಾದೆಯಿಂದ, ಅಕ್ಕನ ಹೆಸರು ಹೇಳಿ, ಅವರು ಇಲ್ಲಿ ಇದ್ದಾರಾ ಎಂದು ಕೇಳುತ್ತಾರೆ. ಇಲ್ಲ ಎಂದು ಅಕ್ಕನ ಬಾಯಿಂದಲೇ ಬಂದುಬಿಡುತ್ತದೆ. ಸರಿ ಎಂದು ಅವರು ಹೋಗುತ್ತಾರೆ.

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ. ನನಗೆ ಅಳು ಬಂದಿತ್ತು, ಅಕ್ಕ ನನ್ನ ಬೆನ್ನು ತಟ್ಟುತ್ತಿದ್ದರು. ಅಳಬೇಕಾದವರು ಯಾರು, ತಟ್ಟಬೇಕಾದವರು ಯಾರು!

ಆಪರೇಷನಿಗೆ ರಜೆ ಮಂಜೂರಾಯಿತು. ಹಾಜಿಯವರು ತಮ್ಮ ಕಾರು ಕಳಿಸುತ್ತೇನೆ ಎಂದರು. ಮಗಳು ಟಿಕೆಟು ನೋಡತೊಡಗಿದಳು. ಮಳೆ ಶುರುವಾಗಿ, ಅಂಗಡಿಯ ಮುಂದಿನ ರಸ್ತೆ ಇಡೀ ದಿನ ಒದ್ದೆ ಬೆಳಕು ಚೆಲ್ಲುತ್ತಿತ್ತು. ಆಸ್ಪತ್ರೆಗೆ ಸೇರುವ ದಿನದ ಹಿಂದಿನ ಬೆಳಿಗ್ಗೆ ಅಕ್ಕ ತಡವಾಗಿ ಬಂದರು. ಕೊಡೆ ಮಡಚಿ, ನನ್ನ ಕೋಣೆಯೊಳಗೆ ಬಂದು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತರು. ಆ ಕೋಣೆಯಲ್ಲಿ ಬೆಳಕು ಕಡಿಮೆ. ಗೋಡೆಯಲ್ಲಿ ಅಕ್ಷರಗಳ ಪಟ್ಟಿ ಮಾತ್ರ ಹೊಳೆಯುತ್ತದೆ.

"ಬಂದಿದ್ರು" ಎಂದರು.

ನಾನು ಬಾಗಿಲು ಮುಚ್ಚಿದೆ.

"ಅಂಗಡಿಗೆ ಅಲ್ಲ, ಮನೆಗೆ. ಎಲೆ ಮುಂದೆ ಕೂತು ಊಟ ಮಾಡ್ತಾ ಇದ್ರು. ನಾನು ಬಾಗಿಲಿನ ಹತ್ತಿರ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ. ಗಸಿ ಪೂರ್ತಿ ಉಂಡ್ರು. ಕೈ ತೊಳೆದ್ರು. ಹತ್ತಿರ ಬಂದು ನನ್ನ ಸೆರಗು ಸರಿಸಿದ್ರು. ಬೆರಳಿನಲ್ಲಿ ಹೀಗೆ, ಮೂಗಿನ ಮೇಲಿನಿಂದ ಕೆಳಗಿನವರೆಗೆ, ಸೊಟ್ಟ ಇದ್ದ ಕಡೆ ಸೊಟ್ಟವಾಗಿಯೇ ಎಳೆದ್ರು. ಮತ್ತೆ ಕೇಳಿದ್ರು, ‘ಬೇನೆ ಆಂಡಾ?’ ಅಂತ."

ಬೇನೆ ಆಂಡಾ. ನೋವಾಯ್ತಾ.

"ಇಷ್ಟು ವರ್ಷ ಎಲ್ಲರೂ ಎಂತ ಆಯ್ತು, ಎಂತ ಆಯ್ತು ಅಂತ ಕೇಳಿದ್ದು. ನೀನೂ ಕೇಳಿದ್ದಿ. ನೋವಾಯ್ತಾ ಅಂತ ಒಬ್ಬರು ಕೇಳಿದ್ದಾ?" ಎಂದರು ಅಕ್ಕ. ಆರೋಪದ ದನಿಯೇ ಇರಲಿಲ್ಲ. ಅವರ ಮುಖ ತುಂಬ ನಗು ಇತ್ತು. ನನ್ನ ಕೋಣೆಯಲ್ಲೇ ಕೂತು ಕ್ಲಿನಿಕ್ಕಿಗೆ ಫೋನು ಮಾಡಿ, ಆಪರೇಷನ್ ಬೇಡ ಎಂದು ಹೇಳಿದರು.

ಹಾಜಿಯವರಿಗೆ ನಂಬಲಿಕ್ಕೇ ಆಗಲಿಲ್ಲ. "ಒಂದು ಕನಸಿಗೋಸ್ಕರ ಆಪರೇಷನ್ ಕ್ಯಾನ್ಸಲ್ಲಾ ಅಕ್ಕ?"

"ಮಾಡಿಸುವುದು ಅಂತ ಹೊರಟದ್ದೂ ಕನಸಿಗೋಸ್ಕರವೇ ಅಲ್ವಾ ಹಾಜಿಯವರೇ" ಎಂದರು ಅಕ್ಕ. ಹಾಜಿಯವರು ಗಡ್ಡ ನೀವಿಕೊಂಡು, ಅದೂ ಹೌದು ಎಂದರು. ಆ ದಿನ ಎಲ್ಲರಿಗೂ ಅವರ ಲೆಕ್ಕದಲ್ಲಿ ಗೋಳಿಬಜೆ.

ಆಮೇಲೆ ಅಕ್ಕ ಎರಡು ಬೆರಳಿನಲ್ಲಿ ಮೂಗು ತಳ್ಳಿ ಕನ್ನಡಿ ನೋಡಿದ್ದನ್ನು ನಾನು ಕಾಣಲಿಲ್ಲ. ಕಪ್ಪು ಫ್ರೇಮಿನ ಕನ್ನಡಕವನ್ನೂ ಕ್ರಮೇಣ ಮರೆತರು. ಅದು ಅವರ ಡ್ರಾಯರಿನಲ್ಲಿ, ಸ್ಕ್ರೂಗಳ ಡಬ್ಬಿಯ ಪಕ್ಕ ಬಿದ್ದಿರುತ್ತಿತ್ತು. ಗಿರಾಕಿಗಳಿಗೆ ಮಾತ್ರ, "ಮೂಗು ನೋಡ್ಬೇಡಿ" ಎನ್ನುವ ಬದಲು "ಮೂಗು ನೋಡಿ, ಕಣ್ಣು ಅಲುಗಿಸ್ಬೇಡಿ" ಎನ್ನತೊಡಗಿದರು. ನೋಡಲಿಕ್ಕೆ ಒಂದು ಗುರಿ ಸಿಕ್ಕಿ ಕೆಲಸ ಸುಲಭವಾಯಿತಂತೆ.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ನ್ಯುಮೋನಿಯಾ ಎಂದರು. ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದ್ದರು. ಮೂಗು ಸೊಟ್ಟವಿದ್ದುದರಿಂದ ಅದು ಒಂದು ಕಡೆ ಸರಿಯಾಗಿ ಕೂರುತ್ತಿರಲಿಲ್ಲ. ನಾನು ಎಲಾಸ್ಟಿಕ್ಕನ್ನು ಒಂದು ಕಡೆ ಎತ್ತಿ, ಒಂದು ಕಡೆ ಇಳಿಸಿ ಕೂರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, ಸರಿ ಉಂಟು ಎಂದು ಅವರೇ ಸನ್ನೆ ಮಾಡಿದರು. ಮಗಳ ವಿಮಾನ ಇಳಿಯುವಷ್ಟರಲ್ಲಿ ಅಕ್ಕ ಹೋಗಿಯಾಗಿತ್ತು. ಹುಡುಗಿ ಏರ್‌ಪೋರ್ಟಿನಿಂದ ನೇರವಾಗಿ ಬಂದವಳು, ಅಮ್ಮನಿಗೆ ತುಂಬ ನೋವಾಯಿತಾ ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದಳು.

ಈ ಸಲದ ಆಟಿಗೆ ಅವಳು ರಜೆ ಹಾಕಿ ಬಂದಳು. "ಆಂಟಿ, ಅಮ್ಮನಿಗೂ ಅಪ್ಪನಿಗೂ ಒಟ್ಟಿಗೆ ಬಡಿಸ್ತೇನೆ, ನೀವು ಬರಬೇಕು" ಎಂದು ಕರೆದಳು. ಮಳೆಯಲ್ಲಿ ನೆನೆದು ಫ್ಲ್ಯಾಟಿಗೆ ಹೋದೆ. ಒಳಕೋಣೆಯಲ್ಲಿ ಎರಡು ಎಲೆ. ಒಂದರಲ್ಲಿ ಬಂಗುಡೆ ಗಸಿ, ಕೋರಿರೊಟ್ಟಿ. ಇನ್ನೊಂದರಲ್ಲಿ ಅದರ ಜತೆಗೆ ಗೋಳಿಬಜೆ, ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಚಹಾ. ಎಲೆಗಳ ತಲೆಯ ಕಡೆ ಒಂದು ಮಣೆಯ ಮೇಲೆ ಅಕ್ಕನ ದೊಡ್ಡ ಫೋಟೋ.

ನಾನು ನೋಡಿದೆ. ಮೂಗು ನೇರ ಇತ್ತು.

"ಸ್ಟುಡಿಯೋದಲ್ಲಿ ಸರಿ ಮಾಡಿಸಿದೆ ಆಂಟಿ" ಎಂದಳು. "ಅಮ್ಮನಿಗೆ ಅಷ್ಟು ಆಸೆ ಇತ್ತು, ಕೊನೆಗೂ ಆಗಲಿಲ್ಲ. ಅಪ್ಪನಿಗೆ ಗುರುತಾಗಬೇಕು ಅಂತ ನನ್ನ ಹತ್ತಿರ ಒಮ್ಮೆ ಹೇಳಿದ್ರು. ಈಗಲಾದರೂ ಗುರುತಾಗಲಿ ಅಂತ. ಚಂದ ಆಗಿದೆ ಅಲ್ವಾ?"

ಚಂದವೇ ಆಗಿತ್ತು. ಯಾರೋ ಒಬ್ಬರು ಚಂದದ ಹೆಂಗಸು ಅಲ್ಲಿಂದ ನನ್ನನ್ನು ನೋಡುತ್ತಿದ್ದರು. ಆ ಕೊನೆಯ ಕನಸನ್ನು ಅಕ್ಕ ಮಗಳಿಗೆ ಹೇಳಿಯೇ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನಾನು ಹೇಳಿದೆ. ಸೆರಗು ಸರಿಸಿದ್ದು, ಬೆರಳು ಎಳೆದದ್ದು, ಕೇಳಿದ್ದು, ಎಲ್ಲವನ್ನೂ. ಅವಳು ತನ್ನ ಮೂಗಿನ ಮೇಲೆ ಬೆರಳು ಇಟ್ಟುಕೊಂಡು ಕೇಳಿದಳು. ಅವಳದು ಅಮ್ಮನ ಮದುವೆ ಫೋಟೋದಲ್ಲಿ ಇರುವ ಮೂಗು.

ಅವಳಿಗೆ ಕೊಡೋಣ ಎಂದು ನಾನು ಬ್ಯಾಗಿನಲ್ಲಿ ಅಕ್ಕನ ಕಪ್ಪು ಫ್ರೇಮಿನ ಕನ್ನಡಕ ತಂದಿದ್ದೆ. ತೆಗೆದು ಕೈಗಿಟ್ಟೆ. ಅವಳು ಎದ್ದು, ಫೋಟೋವನ್ನು ಪಕ್ಕದ ಕೋಣೆಗೆ ಒಯ್ದಿಟ್ಟು ಬಂದಳು. ಮಣೆಯ ಮೇಲೆ ಕನ್ನಡಕ ಇಟ್ಟಳು. ಅದು ಒಂದು ಮಗ್ಗುಲು ಎತ್ತಿಕೊಂಡು ಕುಂಟಿ, ಸ್ವಲ್ಪ ಅಲುಗಾಡಿ, ಹಾಗೆಯೇ ನಿಂತಿತು.

"ಅಯ್ಯೋ, ಅಮ್ಮನೇ" ಎಂದು ನಕ್ಕಳು. ನಗುತ್ತಲೇ ಅತ್ತಳು.

ಅಪ್ಪನ ಹೆಸರು ಕರೆದಳು, ಅಮ್ಮನ ಹೆಸರು ಕರೆದಳು. ಅಂಗಡಿಯಲ್ಲಿ ನಾವು ಯಾರೂ ಕರೆಯದಿದ್ದ ಆ ಹೆಸರನ್ನು ನಾನೂ ಮೆಲ್ಲಗೆ ಕರೆದೆ. ಬಾಗಿಲು ಹಾಕಿ ಹೊರಗೆ ಬಂದು, ಇಬ್ಬರೂ ಗೋಡೆಗೆ ಒರಗಿ ಕೂತೆವು. ಮುಂಬಾಗಿಲು ತೆರೆದೇ ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು, ಗಸಿಯ ಪರಿಮಳ ಇತ್ತು. ಲಿಫ್ಟು ಮೇಲೆ ಬಂದು ನಮ್ಮ ಮಾಳಿಗೆಯಲ್ಲಿ ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು. ಯಾರೂ ಇಳಿದದ್ದು ಕಾಣಲಿಲ್ಲ. ನಾವು ಒಬ್ಬರನ್ನೊಬ್ಬರು ನೋಡಿದೆವು.

"ಆಂಟಿ" ಎಂದಳು ಪಿಸುದನಿಯಲ್ಲಿ, "ಈಗ ಅಮ್ಮನನ್ನು ಕಂಡರೆ ಅಪ್ಪ ಎಂತ ಕೇಳ್ತಾರೆ?"

ನಾನು ಅವಳ ಕೈ ಹಿಡಿದುಕೊಂಡೆ. "ಬೇನೆ ಆಂಡಾ ಅಂತ ಕೇಳ್ತಾರೆ" ಎಂದೆ.